ಎಣ್ಣೆ ಫಿಲ್ಟರ್, ಒಣ ಫಿಲ್ಟರ್ ಮತ್ತು ನಮ್ಮನೆ ಬಚ್ಚಲೊಲೆ

ಉಡುಪಿಯ ಒಂದು ಬಿಡಿಭಾಗದ ಅಂಗಡಿಯಲ್ಲಿ ಮೊದಲ ಸಲ ‘ಆಯಿಲ್ ಏರ್ ಫಿಲ್ಟರ್ ಉಂಟಾ’ ಎಂದು ಕೇಳಿದಾಗ ಅವರು ಎಂಜಿನ್ ಆಯಿಲ್‌ನ ಫಿಲ್ಟರ್ ತಂದು ಮೇಜಿನ ಮೇಲಿಟ್ಟರು. ಅಲ್ಲ ಎಂದೆ. ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಕಾಗದದ ಏರ್ ಫಿಲ್ಟರ್ ತಂದರು. ‘ಎರಡರಲ್ಲಿ ಯಾವುದು ಬೇಕು, ಸರಿಯಾಗಿ ಹೇಳಿ ಮಾರಾಯ್ರೆ’ ಎಂದು ನಕ್ಕರು. ಅಂದಿನಿಂದ ‘ಕಾಟನ್ ಫಿಲ್ಟರ್, ಎಣ್ಣೆ ಹಚ್ಚುವಂಥದ್ದು’ ಎಂದೇ ಹೇಳುತ್ತೇನೆ.

ನನ್ನದು 1.3 ಡೀಸೆಲ್ ಸ್ವಿಫ್ಟ್. ಫಿಯೆಟ್ ಮೂಲದ 1248 ಸಿಸಿ ಎಂಜಿನ್, ಹೊಸದರಲ್ಲಿ 75 ಪಿಎಸ್. ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವ ರೀಮ್ಯಾಪ್ ಮಾಡಿಸಿ ಆಗಿತ್ತು. ಆಮೇಲೆ ಹಿಡಿದ ಹುಚ್ಚು ಇಂಟೇಕ್‌ನದ್ದು, ಅಂದರೆ ಎಂಜಿನ್ ಗಾಳಿ ಎಳೆಯುವ ದಾರಿಯದ್ದು. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ 14 ತಿರುವು ಹತ್ತುವಾಗ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋದ ಶಿಳ್ಳೆ ಕಿವಿಗೆ ಬೀಳಬೇಕು ಎಂಬುದೇ ದೊಡ್ಡ ಆಸೆ, ಉಳಿದದ್ದೆಲ್ಲ ನೆಪ.

ಹಾಗಾಗಿ ಮೊದಲು ತಂದದ್ದು ಕೋನ್ ಫಿಲ್ಟರ್. ಕಂಪೆನಿಯ ಫಿಲ್ಟರ್ ಡಬ್ಬ ತೆಗೆದು ಬಾನೆಟ್ ಒಳಗೆ ತೆರೆದೇ ಕೂರಿಸಿದೆ. ಶಿಳ್ಳೆ ಕೇಳಿಸಿತು, ಖುಷಿಯಾಯಿತು. ವಾರ ಕಳೆದ ಮೇಲೆ ಕಾರಿನ ಸೆನ್ಸರ್ ಅಂಕಿ ಓದುವ ಒಬಿಡಿ ರೀಡರ್ ಸಿಕ್ಕಿಸಿ ನೋಡಿದರೆ, ಕಲ್ಸಂಕದ ಟ್ರಾಫಿಕ್‌ನಲ್ಲಿ ಒಳಹೋಗುವ ಗಾಳಿ 58 ಡಿಗ್ರಿ! ಹಳೆಯ ಡಬ್ಬದಲ್ಲಿ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ 38 ಇತ್ತು. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ಇಪ್ಪತ್ತು ಡಿಗ್ರಿ ಏರಿದರೆ ಅದೇ ಒತ್ತಡದಲ್ಲಿ ಗಾಳಿಯ ತೂಕ ಸುಮಾರು ಶೇ. 6 ಇಳಿಯುತ್ತದೆ. ಎಣ್ಣೆಯದೋ ಒಣದೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಫಿಲ್ಟರ್ ಎಲ್ಲಿಂದ ಗಾಳಿ ಎಳೆಯುತ್ತದೆ ಎಂದು ನೋಡಬೇಕಿತ್ತು. ಕೋನ್ ಬಿಚ್ಚಿ, ಡಬ್ಬ ಮರಳಿ ಹಾಕಿ, ಅದೇ ಅಳತೆಯ ಕಾಟನ್ ಪ್ಯಾನೆಲ್, ಅಂದರೆ ಡಬ್ಬದೊಳಗೇ ಕೂರುವ ಚಪ್ಪಟೆ ಫಿಲ್ಟರ್ ತರಿಸಿದೆ.

ಈ ಕಾಟನ್ ಫಿಲ್ಟರ್‌ನ ರಚನೆ ಸರಳ. ಅಲ್ಯೂಮಿನಿಯಂ ಜಾಲರಿಗಳ ನಡುವೆ ಕೆಲವು ಪದರ ತೆಳು ಹತ್ತಿಬಟ್ಟೆ. ನೇಯ್ಗೆ ಎಷ್ಟು ಸಡಿಲ ಎಂದರೆ ತೊಳೆದದ್ದನ್ನು ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ. ಧೂಳನ್ನು ಹಿಡಿಯುವುದು ಎಳೆಗಳಿಗೆ ಅಂಟಿದ ಜಿಗುಟು ಎಣ್ಣೆ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕೆ ಅಂಡ್ ಎನ್ ಕಂಪೆನಿಯಿಂದ ಇದು ಪ್ರಸಿದ್ಧವಾಯಿತು. ನಾನು ತಂದದ್ದು ಬೇರೆಯವರದು. ಒಣ ಫಿಲ್ಟರ್‌ನಲ್ಲಿ ಸಿಂಥೆಟಿಕ್ ಎಳೆಗಳನ್ನು ದಟ್ಟವಾಗಿ ಒತ್ತಿರುತ್ತಾರೆ, ಅದಕ್ಕೆ ಎಣ್ಣೆ ಬೇಕಿಲ್ಲ.

ಫೆಬ್ರವರಿಯಿಂದ ಮೇ ತನಕ ತೊಂದರೆಯೇ ಇರಲಿಲ್ಲ. ಆದರೆ ನಮ್ಮ ಮುರಕಲ್ಲಿನ ಕೆಂಪು ಧೂಳು ಗೊತ್ತಲ್ಲ, ರಸ್ತೆ ಅಗಲ ಮಾಡುವ ಕಡೆ ಟಿಪ್ಪರ್ ಹಿಂದೆ ಹತ್ತು ನಿಮಿಷ ಹೋದರೆ ಸಾಕು, ಬಿಳಿ ಕಾರು ಕೇಸರಿಯಾಗುತ್ತದೆ. ಜೂನ್ ಮೊದಲ ವಾರ ಫಿಲ್ಟರ್ ತೆಗೆದಾಗ ಕೊಳೆ ಕಂಡು ತಡೆಯಲಾಗಲಿಲ್ಲ, ತೊಳೆದುಬಿಟ್ಟೆ.

ತೊಳೆಯುವ ಕ್ರಮ ಸರಿಯಾಗಿಯೇ ಇತ್ತು. ಕ್ಲೀನರ್ ಹೊಡೆದು ಹತ್ತು ನಿಮಿಷ ಬಿಟ್ಟೆ, ಶುದ್ಧ ಗಾಳಿಯ ಕಡೆಯಿಂದ ಕೊಳೆಯ ಕಡೆಗೆ ನಿಧಾನವಾಗಿ ನೀರು ಬಿಟ್ಟೆ. ಮುಂದಿನದ್ದು ಒಣಗಿಸುವ ಕೆಲಸ. ಹೇರ್ ಡ್ರೈಯರ್, ಕಂಪ್ರೆಸರ್ ಗಾಳಿ ಕೂಡದು, ತಾನಾಗಿ ಒಣಗಬೇಕು ಎಂದು ಕ್ಲೀನರ್ ಡಬ್ಬದ ಮೇಲೆ ಬರೆದಿತ್ತು. ಮರುದಿನ ಮಳೆ ಹಿಡಿಯಿತು. ಉಡುಪಿಯ ಜೂನ್‌ನಲ್ಲಿ ಬನಿಯನ್ನೇ ಒಣಗುವುದಿಲ್ಲ, ಇನ್ನು ಮಡಿಕೆ ಮಡಿಕೆ ಹತ್ತಿಬಟ್ಟೆ ಒಣಗುವುದುಂಟೇ? ಮೂರು ದಿನ ಕಾದೆ. ನಾಲ್ಕನೇ ದಿನ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ತೂಗುಹಾಕಿದೆ. ಅಮ್ಮ ನೋಡಿ, ‘ಎಂತ ಮಗಾ ಇದು? ನನ್ನ ಸೀರೆ ತೆಗೆದು ಕಾರಿನ ಸಾಮಾನು ಹಾಕಿದ್ದಿಯಲ್ಲ’ ಎಂದರು. ಅದಕ್ಕಿಂತ ದೊಡ್ಡ ಎಡವಟ್ಟು ಸಂಜೆ ತೆಗೆದು ನೋಡಿದಾಗ ಕಂಡಿತು. ತೆಂಗಿನ ಗರಿಯ ಹೊಗೆ, ಬೂದಿ ಎಲ್ಲ ಬಿಳಿ ಹತ್ತಿಯ ಮೇಲೆ ಕೂತಿತ್ತು. ಮತ್ತೆ ತೊಳೆದೆ.

ಕೊನೆಗೆ ತಾಳ್ಮೆ ಕೆಟ್ಟು, ಮುಟ್ಟಿದರೆ ತಣ್ಣಗಿದ್ದಾಗಲೇ ಎಣ್ಣೆ ಹಾಕಿದೆ. ತೇವದ ಮೇಲೆ ಎಣ್ಣೆ ಹರಡುವುದಿಲ್ಲ. ಅಲ್ಲಲ್ಲಿ ಬಿಳಿ ಮಚ್ಚೆ ಉಳಿದವು. ಎಣ್ಣೆ ಸಾಲಲಿಲ್ಲ ಎಂದುಕೊಂಡು ಇನ್ನೊಂದು ಸುತ್ತು ಹಾಕಿದೆ. ಮಡಿಕೆಯ ತಳದಲ್ಲಿ ಕೆಂಪೆಣ್ಣೆ ನಿಂತಿತ್ತು. ನಿಲ್ಲಲಿ ಬಿಡು ಎಂದುಕೊಂಡು ಡಬ್ಬ ಮುಚ್ಚಿದೆ.

ಎರಡು ವಾರಕ್ಕೆ ಪಿಕಪ್ ಹೋಯಿತು. ಮಣಿಪಾಲದ ಏರಿಗೆ ಮೂರನೇ ಗೇರ್‌ನಲ್ಲಿ ಹತ್ತುತ್ತಿದ್ದ ಕಾರು ಎರಡಕ್ಕೆ ಬಂತು. ನನ್ನ ಕಾರಿನಲ್ಲಿ ಫಿಲ್ಟರ್ ಡಬ್ಬದ ಬೆನ್ನಿಗೇ ಎಂಎಎಫ್ ಸೆನ್ಸರ್ ಇದೆ. ಬಿಸಿ ಮಾಡಿದ ತೆಳು ಪದರವೊಂದು ಗಾಳಿಗೆ ಎಷ್ಟು ತಣಿಯುತ್ತದೆ ಎಂಬುದರಿಂದ ಅದು ಗಾಳಿಯ ತೂಕ ಅಳೆಯುತ್ತದೆ. ಅದರ ಮೇಲೆ ಎಣ್ಣೆ ಕೂತು, ಎಣ್ಣೆಗೆ ಧೂಳು ಅಂಟಿದರೆ ಗಾಳಿ ಇರುವುದಕ್ಕಿಂತ ಕಡಿಮೆ ಎಂದು ತೋರಿಸುತ್ತದೆ. ಗಾಳಿ ಕಡಿಮೆಯಿದೆ ಎಂದು ನಂಬಿದ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೊಗೆ ಬಾರದಂತೆ ಡೀಸೆಲನ್ನೂ ಕಡಿಮೆ ಮಾಡುತ್ತದೆ. ಗ್ಯಾರೇಜಿನ ಅಣ್ಣ ಸೆನ್ಸರ್ ಬಿಚ್ಚಿ ಮೂಗಿಗೆ ಹಿಡಿದು, ‘ಎಣ್ಣೆ ವಾಸನೆ ಬರ್ತದೆ, ನೀವೇ ಹಾಕಿದ್ದಾ?’ ಎಂದು ಕೇಳಿದ. ಹೌದು ಎನ್ನದೆ ವಿಧಿಯಿರಲಿಲ್ಲ. ಎಂಎಎಫ್‌ಗೆಂದೇ ಇರುವ ಸ್ಪ್ರೇಯಿಂದ ತೊಳೆದ, ಪೂರ್ತಿ ಆರುವ ತನಕ ಕಾಯಿಸಿದ. ಬಟ್ಟೆಯಲ್ಲಿ ಒರೆಸಬೇಡಿ, ಕಾರ್ಬ್ಯುರೇಟರ್ ಕ್ಲೀನರ್ ಹೊಡೆಯಬೇಡಿ ಎಂದು ಎರಡು ಸಲ ಹೇಳಿದ. ಪುಣ್ಯಕ್ಕೆ ಸೆನ್ಸರ್ ಉಳಿಯಿತು.

ಆಮೇಲೆಯೇ ಅಳೆದು ನೋಡುವ ಬುದ್ಧಿ ಬಂದದ್ದು. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪು ತಂದು, ‘ಯು’ ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿಸಿದೆ. ಫಿಲ್ಟರ್ ದಾಟಿದ ಜಾಗದಲ್ಲಿ ಡಬ್ಬಕ್ಕೆ ಸಣ್ಣ ತೂತು ಕೊರೆದು ಅದಕ್ಕೆ ಒಂದು ತುದಿ ಸಿಕ್ಕಿಸಿದೆ. ಪಡುಬಿದ್ರಿಯ ಕಡೆ ಹೆದ್ದಾರಿ ಖಾಲಿಯಿರುವ ಬೆಳಗಿನ ಜಾವ, ಗೆಳೆಯ ಹಲಗೆ ಹಿಡಿದು ಕೂತ, ನಾನು ಮೂರನೇ ಗೇರ್‌ನಲ್ಲಿ 4000 ಆರ್‌ಪಿಎಂ ತನಕ ಒತ್ತಿದೆ. ಆ ವೇಗದಲ್ಲಿ ಎಂಜಿನ್ನಿನ ಗಾತ್ರಕ್ಕೇ ನಿಮಿಷಕ್ಕೆ ಸುಮಾರು 2500 ಲೀಟರ್ ಗಾಳಿ ಬೇಕು, ಟರ್ಬೋ ಒತ್ತಿದರೆ ಇನ್ನೂ ಹೆಚ್ಚು. ಎರಡು ಬದಿಯ ನೀರಿನ ಮಟ್ಟದಲ್ಲಿ ವ್ಯತ್ಯಾಸ ಹೆಚ್ಚಿದಷ್ಟೂ ಫಿಲ್ಟರ್ ಗಾಳಿಯನ್ನು ಹೆಚ್ಚು ತಡೆಯುತ್ತಿದೆ ಎಂದರ್ಥ. ಆ ವ್ಯತ್ಯಾಸ ಹಳೆಯ ಕಾಗದದ ಫಿಲ್ಟರ್‌ಗೆ 24 ಸೆಂ.ಮೀ., ಹೊಸ ಕಾಗದಕ್ಕೆ 17, ಹೊಸದಾಗಿ ತರಿಸಿದ ಒಣ ಸಿಂಥೆಟಿಕ್‌ಗೆ 15, ಎಣ್ಣೆ ಫಿಲ್ಟರ್‌ಗೆ 13. ಅಲುಗುವ ಕಾರಿನಲ್ಲಿ ಕಣ್ಣಳತೆ, ಒಂದು ಸೆಂ.ಮೀ. ಆಚೀಚೆ ಇರಬಹುದು.

ಎಣ್ಣೆ ಫಿಲ್ಟರ್ ಗೆದ್ದಿತು ಎಂದು ಗೆಳೆಯ ಕುಣಿದ. ನಾನು ಲೆಕ್ಕ ಹಾಕಿದೆ. ವಾತಾವರಣದ ಒತ್ತಡ ಎಂದರೆ ಸುಮಾರು 1033 ಸೆಂ.ಮೀ. ನೀರು. ಹೊಸ ಕಾಗದಕ್ಕೂ ಎಣ್ಣೆಗೂ ಇರುವ ಅಂತರ ನಾಲ್ಕು ಸೆಂ.ಮೀ., ಅಂದರೆ ಶೇ. 0.4. ಕಾರಿನ ತೂಕ ಸುಮಾರು 1100 ಕೆ.ಜಿ. ಡಿಕ್ಕಿಯಲ್ಲಿ ಮರೆತು ಹೋದ ಐದು ಕೆ.ಜಿ. ಕುಚ್ಚಲಕ್ಕಿ ಇಳಿಸಿದರೂ ಅಷ್ಟೇ ಲಾಭ. ಒಣದಕ್ಕೂ ಎಣ್ಣೆಯದಕ್ಕೂ ನಡುವೆ ಅದರ ಅರ್ಧ. ದಣಿದ ಕಾಗದವನ್ನು ಬದಲಾಯಿಸಿದ್ದರಿಂದಲೇ ಏಳು ಸೆಂ.ಮೀ. ಸಿಕ್ಕಿತ್ತು. ‘ಕಾಟನ್ ಹಾಕಿದ ಕೂಡಲೇ ಕಾರು ಹಾರಿತು’ ಎನ್ನುವವರಲ್ಲಿ ಎಷ್ಟೋ ಮಂದಿ ತೆಗೆದುಹಾಕಿದ ಫಿಲ್ಟರ್ ಎಷ್ಟು ಹಳೆಯದಾಗಿತ್ತು ಎಂದು ಹೇಳುವುದಿಲ್ಲ.

ನನಗೆ ಮುಖ್ಯವಾಗಿ ಕಂಡದ್ದು ಕರವಸ್ತ್ರದ ಪರೀಕ್ಷೆ. ಫಿಲ್ಟರ್ ದಾಟಿದ ಪೈಪಿನ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿದೆ. ಎಣ್ಣೆ ಫಿಲ್ಟರ್ ಇದ್ದ ಕಾಲದ್ದು ತಿಳಿ ಕಂದು, ಜಿಗುಟು. ಬಿಳಿ ಮಚ್ಚೆಗಳಿದ್ದ ಕಡೆಯಿಂದ ಧೂಳೂ ನುಗ್ಗಿರಬೇಕು. ಪೈಪು ತೊಳೆದು, ಒಣ ಫಿಲ್ಟರ್ ಹಾಕಿ 3000 ಕಿ.ಮೀ. ಓಡಿಸಿ ಮತ್ತೆ ಒರೆಸಿದಾಗ ಬಟ್ಟೆ ಬೆಳ್ಳಗೇ ಬಂತು.

ಕಾಟನ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಎಂಎಎಫ್ ಇಲ್ಲದೆ, ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ನಲ್ಲಿ ನಡೆಯುವ ಪೆಟ್ರೋಲ್ ಕಾರಿಗೆ ನನಗಾದ ಪಜೀತಿ ಇಲ್ಲ. ಎಣ್ಣೆಯನ್ನು ಹದವಾಗಿ ಹಾಕುವ ತಾಳ್ಮೆ, ಒಂದು ಒಣಗುವಾಗ ಇನ್ನೊಂದು ಹಾಕಲೆಂದು ಎರಡು ಕಾಟನ್ ಫಿಲ್ಟರ್ ಇಡುವ ದುಡ್ಡು ಇದ್ದವರಿಗೆ ಅದು ವರ್ಷಾನುಗಟ್ಟಲೆ ಬರುತ್ತದೆ. ನನ್ನದನ್ನು ಮಣ್ಣಿನ ಟ್ರ್ಯಾಕ್‌ನಲ್ಲಿ ಓಡಿಸುವ ಅದೇ ಗೆಳೆಯನಿಗೆ ಕೊಟ್ಟೆ. ಅವನು ತೊಳೆಯುವುದು ಡಿಸೆಂಬರ್‌ನಿಂದ ಮಾರ್ಚ್ ತನಕ ಮಾತ್ರ.

ಈಗ ಒಣ ಫಿಲ್ಟರನ್ನು ಏಪ್ರಿಲ್‌ನಲ್ಲಿ ಒಮ್ಮೆ ತೆಗೆದು ಮೆತ್ತಗೆ ತಟ್ಟುತ್ತೇನೆ, ಅಷ್ಟೇ. ಯಾವ ಫಿಲ್ಟರ್ ಆದರೂ ಧೂಳು ಹೆಚ್ಚು ಬಿಡುವುದು ಹೊಚ್ಚ ಹೊಸದಿದ್ದಾಗ. ಕೂತ ತೆಳು ಧೂಳೇ ಮುಂದಿನ ಧೂಳಿಗೆ ಜರಡಿಯಾಗುತ್ತದೆ, ಹಾಗಾಗಿ ಪದೇ ಪದೇ ಕೆದಕುವುದಿಲ್ಲ. ಮಳೆಗಾಲಕ್ಕೆ ಮೊದಲು ಡಬ್ಬದ ತಳದ ನೀರು ಹೋಗುವ ತೂತಿನಿಂದ ತರಗೆಲೆ ತೆಗೆಯುತ್ತೇನೆ. ನಾನು ಕೊರೆದ ತೂತಿಗೆ ರಬ್ಬರ್ ಬಿರಡೆ ಹಾಕಿದ್ದೇನೆ, ಪೈಪು ಕಟ್ಟಿದ ಹಲಗೆ ಅಟ್ಟದಲ್ಲಿದೆ. ಬಚ್ಚಲಿನ ಹಗ್ಗದಲ್ಲಿ ಅಮ್ಮನ ಸೀರೆ.