ಕೇಬಲ್ ಮೋಡೆಮ್ ಡ್ರಾಪ್ ಆಗ್ತಿತ್ತು, ಕಾರಣ ಸ್ಪ್ಲಿಟರ್

ಸಂಜೆ ಆದ್ರೆ ಸಾಕು ನೆಟ್ ಹೋಗೋದು, ಮೋಡೆಮ್ ತಾನೇ ರೀಸ್ಟಾರ್ಟ್ ಆಗಿ ಆನ್‌ಲೈನ್ ಲೈಟ್ ಮಿಣುಕಿಸ್ತಾ ಕೂತಿರೋದು. ಇಂಥದ್ದಕ್ಕೆಲ್ಲ ವೈಫೈ ಮೇಲೇ ಗೂಬೆ ಕೂರಿಸ್ತಾರೆ, ಆದ್ರೆ ಮೋಡೆಮ್‌ನಿಂದ ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ನೇರವಾಗಿ ಹಾಕಿದ್ರೂ ಅದೇ ಕಥೆ, ಹಂಗಾಗಿ ರೂಟರ್ ತಂಟೆಗೆ ಹೋಗ್ಲಿಲ್ಲ.

ಬ್ರೌಸರಲ್ಲಿ 192.168.100.1 ಅಂತ ಹೊಡೀರಿ, ಬಹಳಷ್ಟು ಕೇಬಲ್ ಮೋಡೆಮ್‌ಗಳ ಸ್ಟೇಟಸ್ ಪೇಜ್ ಅಲ್ಲೇ ಇರುತ್ತೆ. ಮೊದ್ಲು ನೋಡ್ಬೇಕಾದ್ದು ಡೌನ್‌ಸ್ಟ್ರೀಮ್ ಪವರ್, ಅಂದ್ರೆ ಕಂಪನಿಯಿಂದ ಮೋಡೆಮ್‌ಗೆ ಬರೋ ಸಿಗ್ನಲ್ ಬಲ, ಸೊನ್ನೆ ಹತ್ರ ಇದ್ದಷ್ಟೂ ಒಳ್ಳೇದು, ಮೈನಸ್ 7ರಿಂದ ಪ್ಲಸ್ 7 ಡಿಬಿಎಂವಿ (ಸಿಗ್ನಲ್ ಬಲ ಅಳೆಯೋ ಲೆಕ್ಕ) ಒಳಗಿದ್ರೆ ತಲೆ ಕೆಡಿಸ್ಕೊಳ್ಳೋದು ಬೇಡ. ನಂದು ಮೈನಸ್ 12. ಅಪ್‌ಸ್ಟ್ರೀಮ್, ಅಂದ್ರೆ ಮೋಡೆಮ್ ವಾಪಸ್ ಕಳಿಸೋ ಸಿಗ್ನಲ್ ಬಲ, 53 ತೋರಿಸ್ತಿತ್ತು, ಇದು ಜಾಸ್ತಿ ಇದ್ರೆ ಖುಷಿ ಪಡಬೇಡಿ, ದಾರೀಲಿ ಸಿಗ್ನಲ್ ಸೋರ್ತಿರೋದ್ರಿಂದ ಮೋಡೆಮ್ ಗಂಟಲು ಹರ್ಕೊಂಡು ಕೂಗ್ತಿದೆ ಅಂತ ಅರ್ಥ. ಲಾಗ್ ತುಂಬ ಟಿ3 ಟೈಮೌಟ್ ಬೇರೆ, ಅಂದ್ರೆ ಮೋಡೆಮ್ ಕೇಳಿದ್ದಕ್ಕೆ ಆ ಕಡೆಯಿಂದ ಉತ್ತರಾನೇ ಇಲ್ಲ.

ಕೇಬಲ್ ಹಿಡ್ಕೊಂಡೇ ಹೋದೆ. ಟಿವಿ ಹಿಂದೆ ನಾಲ್ಕು ದಾರಿ ಸ್ಪ್ಲಿಟರ್ (ಒಂದು ಕೇಬಲ್ ಸಿಗ್ನಲನ್ನ ನಾಲ್ಕಾಗಿ ಹಂಚೋ ಡಬ್ಬಿ), ಎರಡು ಪೋರ್ಟ್ ಸುಮ್ನೆ ಖಾಲಿ, ಮೋಡೆಮ್ ಕಡೆ ಕನೆಕ್ಟರ್ ಮುಟ್ಟಿದ್ರೆ ಅಲ್ಲಾಡ್ತಿತ್ತು, ಒಳಗಿನ ತಾಮ್ರದ ತಂತಿ ಕಪ್ಪಾಗಿತ್ತು. ಇಂಥ ಸ್ಪ್ಲಿಟರ್ ಒಂದೇ ಸುಮಾರು 7 ಡಿಬಿ ತಿನ್ನುತ್ತೆ, ಎರಡು ದಾರೀದಾದ್ರೆ 3.5. ಹಳೇದು ತೆಗ್ದು ಎರಡು ದಾರೀದನ್ನ ಹಾಕಿ, ಹೊಸ ಕನೆಕ್ಟರ್ ಕೂರಿಸಿ ಬಿಗಿ ಮಾಡ್ದೆ. ಡೌನ್‌ಸ್ಟ್ರೀಮ್ ಮೈನಸ್ 6ಕ್ಕೆ ಬಂತು, ಅಪ್‌ಸ್ಟ್ರೀಮ್ 47ಕ್ಕೆ ಇಳೀತು, ಡ್ರಾಪ್ ನಿಂತೇ ಹೋಯ್ತು. ಸಿಗ್ನಲ್ ಬಲ ಹೆಚ್ಚಿಸೋ ಬೂಸ್ಟರ್ ಹಾಕು ಅಂತ ಯಾರಾದ್ರೂ ಅಂದ್ರೆ ಮೊದ್ಲು ಜಾಯಿಂಟ್ ನೋಡಿ, ಬೂಸ್ಟರ್ ಸಿಗ್ನಲ್ ಜೊತೆ ನಾಯ್ಸನ್ನೂ ದೊಡ್ಡದು ಮಾಡುತ್ತೆ.