ಮಂಚದಿಂದ ಏಳಲಾಗದವರಿಗೆ ಊರ ಕೆರೆಯ ಏರಿ: ಉಪಶಾಮಕ ಆರೈಕೆಯಲ್ಲಿ ವಿ.ಆರ್. ಬಳಸುವುದು ಹೇಗೆ?

ದೊಡ್ಡ ಆಸ್ಪತ್ರೆಗಳಿಗೆ ತಿಂಗಳುಗಟ್ಟಲೆ ಅಲೆದು, ‘ಇನ್ನು ಮನೆಯಲ್ಲೇ ನೋಡಿಕೊಳ್ಳಿ’ ಎಂಬ ಮಾತು ಕೇಳಿ ಕೋಲಾರ ಜಿಲ್ಲೆಯ ಹಳ್ಳಿಗೆ ಮರಳಿದ ಕ್ಯಾನ್ಸರ್ ರೋಗಿಯ ಪ್ರಪಂಚ ಒಂದು ಮಂಚ, ಒಂದು ಕಿಟಕಿ ಮತ್ತು ತಲೆಯ ಮೇಲಿನ ಸೂರಿನಷ್ಟಕ್ಕೆ ಇಳಿದುಬಿಡುತ್ತದೆ. ಇಂಥವರ ರೋಗ ವಾಸಿಮಾಡಲಾಗದಿದ್ದರೂ ಸಂಕಟ ತಗ್ಗಿಸಲು ಕೊಡುವುದೇ ಉಪಶಾಮಕ ಆರೈಕೆ. ಅವರ ನೋವು ದೇಹದ್ದು ಮಾತ್ರವಲ್ಲ, ಮನಸ್ಸು, ಸಂಸಾರ, ನಂಬಿಕೆ ಎಲ್ಲವೂ ಸೇರಿದ ‘ಸಮಗ್ರ ನೋವು’ ಎಂದು ವಿವರಿಸಿದವರು 1967ರಲ್ಲಿ ಲಂಡನ್ನಿನಲ್ಲಿ ಕೊನೆಗಾಲದ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಕಟ್ಟಿದ ಸಿಸಿಲಿ ಸಾಂಡರ್ಸ್. ಕಣ್ಣಿಗೆ ಕಟ್ಟಿಕೊಂಡರೆ ಬೇರೊಂದು ಜಾಗದ ನಡುವೆಯೇ ಇದ್ದೇವೆ ಎನಿಸುವಂತೆ ಸುತ್ತಲೂ ದೃಶ್ಯ ತೋರಿಸುವ ವರ್ಚುವಲ್ ರಿಯಾಲಿಟಿ, ಅಂದರೆ ವಿ.ಆರ್. ಹೆಡ್‌ಸೆಟ್, ಈ ಸಮಗ್ರ ನೋವಿನ ಒಂದು ಪಾಲನ್ನು ಸ್ವಲ್ಪ ಹೊತ್ತು ತಗ್ಗಿಸಬಲ್ಲದು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯ ಜಾಗಕ್ಕೆ ಅದು ಬರುವುದಿಲ್ಲ. ಮಾತ್ರೆಯ ಜೊತೆಗೆ ಬರುತ್ತದೆ.

ಇದು ಕೆಲಸ ಮಾಡುವ ಬಗೆ ಸರಳ. ನೋವು ನೋವಾಗಿ ಅನುಭವಕ್ಕೆ ಬರಲು ಮನಸ್ಸು ಅದರ ಕಡೆ ತಿರುಗಿರಬೇಕು. ಕಣ್ಣು ಕಿವಿಗಳೆರಡನ್ನೂ ಬೇರೊಂದು ಜಾಗ ಪೂರ್ತಿಯಾಗಿ ತುಂಬಿಕೊಂಡಾಗ ನೋವಿಗೆ ಉಳಿಯುವ ಗಮನ ಕಡಿಮೆಯಾಗುತ್ತದೆ. 1990ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಸುಟ್ಟಗಾಯಗಳಿಗೆ ಡ್ರೆಸ್ಸಿಂಗ್ ಬದಲಿಸುವಾಗ ರೋಗಿಗಳನ್ನು ವಿ.ಆರ್. ಲೋಕದೊಳಗೆ ‘ಇಳಿಸಿ’ ಇದನ್ನು ಪರೀಕ್ಷಿಸತೊಡಗಿದರು. 2019ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನದಲ್ಲಿ ಕೊನೆಯ ಹಂತದ 20 ಕ್ಯಾನ್ಸರ್ ರೋಗಿಗಳನ್ನು ಅವರವರಿಗೆ ಬೇಕಾದ ಊರಿಗೆ ಮೂವತ್ತು ನಿಮಿಷ ವಿ.ಆರ್. ಪ್ರಯಾಣ ಮಾಡಿಸಲಾಯಿತು, ನೋವು, ಆಯಾಸ, ಏದುಸಿರು, ಆತಂಕಗಳೆಲ್ಲ ತಗ್ಗಿದವು. ಇಪ್ಪತ್ತು ಜನರ ಅಧ್ಯಯನ ಚಿಕ್ಕದು, ಹೋಲಿಕೆಗೆ ಇನ್ನೊಂದು ಗುಂಪೂ ಇರಲಿಲ್ಲ ಎಂಬುದನ್ನು ಮರೆಯಬಾರದು. ಆದರೆ ‘ಅವರವರಿಗೆ ಬೇಕಾದ ಊರು’ ಎಂಬ ಅಂಶ ನನ್ನ ದೃಷ್ಟಿಯಲ್ಲಿ ಇಡೀ ವಿಧಾನದ ತಿರುಳು.

ಮೊದಲು: ಯಾರಿಗೆ ಬೇಡ?

ಹೆಡ್‌ಸೆಟ್ ಕೊಳ್ಳುವ ಮುನ್ನವೇ ರೋಗಿಯನ್ನು ನೋಡುತ್ತಿರುವ ವೈದ್ಯರನ್ನೋ ಮನೆಗೆ ಬರುವ ನರ್ಸ್ ಅವರನ್ನೋ ಕೇಳಬೇಕು. ಫಿಟ್ಸ್ ಬಂದಿರುವವರಿಗೆ, ಕ್ಯಾನ್ಸರ್ ಮಿದುಳಿಗೆ ಹರಡಿರುವವರಿಗೆ, ತೀವ್ರ ತಲೆಸುತ್ತು ಅಥವಾ ವಾಂತಿ ಇರುವವರಿಗೆ, ಮುಖದ ಮೇಲೆ ಗಾಯವಿರುವವರಿಗೆ ವೈದ್ಯರು ಒಪ್ಪದೆ ಹಾಕಬಾರದು. ಹೆಡ್‌ಸೆಟ್‌ನಲ್ಲಿ ಅಯಸ್ಕಾಂತಗಳಿರುವುದರಿಂದ ಪೇಸ್‌ಮೇಕರ್ ಇದ್ದರೆ ತಿಳಿಸಬೇಕು. ಹಗಲು ರಾತ್ರಿಯ ವ್ಯತ್ಯಾಸ ತಿಳಿಯದೆ, ಇಲ್ಲದವರ ಜೊತೆ ಮಾತಾಡುವಷ್ಟು ಗೊಂದಲದಲ್ಲಿರುವವರಿಗೆ ಇನ್ನೊಂದು ಲೋಕ ತೋರಿಸುವುದು ಬೇಡವೇ ಬೇಡ.

ಜಾಗದ ಆಯ್ಕೆ

ಇಲ್ಲಿ ನಾನೇ ಎಡವಿದ್ದನ್ನು ಹೇಳಬೇಕು. ಶ್ರೀನಿವಾಸಪುರದ ಕಡೆಯ ಒಂದು ಮನೆಯಲ್ಲಿ, ಬಾಯಿಯ ಕ್ಯಾನ್ಸರ್ ಇದ್ದ ಅಜ್ಜಿಯೊಬ್ಬರಿಗೆ ಚೆಂದದ ಕಡಲತೀರದ ವಿಡಿಯೊ ಹಾಕಿದೆ. ಅವರು ಸಮುದ್ರವನ್ನೇ ಕಂಡವರಲ್ಲ. ಅಲೆ ಬಂದೊಡನೆ ಸೀರೆಯ ನಿರಿಗೆ ಎತ್ತಿ ಹಿಡಿದು, ಮಂಚದ ಮೇಲೆ ಕಾಲು ಮಡಚಿಕೊಂಡು, ‘ತೆಗಿಯಪ್ಪಾ, ನೀರು ಬಂತು’ ಎಂದರು. ಒಂದು ವಾರ ಬಿಟ್ಟು, ‘ಎಲ್ಲಿಗೆ ಹೋಗಬೇಕು ಅನ್ನಿಸ್ತದೆ ಅಜ್ಜಿ?’ ಎಂದು ಕೇಳಿದಾಗ ಬಂದ ಉತ್ತರ, ‘ಎಲ್ಲಿಗೂ ಬ್ಯಾಡ, ನಮ್ಮ ತೋಪಿಗೆ.’ ತೋಪು ಮನೆಯಿಂದ ಅರ್ಧ ಮೈಲಿಯೂ ಇರಲಿಲ್ಲ.

ಆದ್ದರಿಂದ ಕೇಳದೆ ಆರಿಸಬೇಡಿ. ಒಬ್ಬರಿಗೆ ಅಂತರಗಂಗೆಯ ಮೆಟ್ಟಿಲು ಬೇಕಿರಬಹುದು, ಇನ್ನೊಬ್ಬರಿಗೆ ಆವಣಿಯ ಬೆಟ್ಟ, ಮತ್ತೊಬ್ಬರಿಗೆ ಹಾಲು ಹಾಕಲು ನಿಲ್ಲುತ್ತಿದ್ದ ಡೇರಿಯ ಮುಂದಿನ ಕಟ್ಟೆ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯಲ್ಲಿ ದುಡಿದು, ಎದೆಯೊಳಗೆ ದೂಳು ತುಂಬಿಕೊಂಡು ಏದುಸಿರು ಬಿಡುವ ಹಿರಿಯರಿಗೆ ಹಳೆಯ ನೆನಪೆಂದು ಸುರಂಗದ ದೃಶ್ಯ ತೋರಿಸಲು ಹೊರಡುವುದು ನಮ್ಮ ಉತ್ಸಾಹ, ಅವರ ಬೇಡಿಕೆಯಲ್ಲ. ಉಸಿರಾಟದ ತೊಂದರೆ ಇರುವವರಿಗೆ ದೂರದವರೆಗೆ ಕಣ್ಣು ಹಾಯುವ ಬಯಲು ಒಳ್ಳೆಯದು. ಜೊತೆಗೆ ಚಿಕ್ಕ ಫ್ಯಾನಿನ ಗಾಳಿ ಮುಖಕ್ಕೆ ಬೀಸುವಂತಿಟ್ಟರೆ ಏದುಸಿರಿಗೆ ಅದೇ ಅರ್ಧ ಸಮಾಧಾನ.

ಚಿತ್ರೀಕರಣ

ಊರ ಜಾಗದ ವಿಡಿಯೊ ಅಂತರ್ಜಾಲದಲ್ಲಿ ಸಿಗದು, ನಾವೇ ತೆಗೆಯಬೇಕು. ಅದಕ್ಕೆ 360 ಡಿಗ್ರಿ ಕ್ಯಾಮೆರಾ ಬೇಕು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನೆಲದಿಂದ ಮೂರೂವರೆಯಿಂದ ನಾಲ್ಕು ಅಡಿ ಎತ್ತರದಲ್ಲಿ ನಿಲ್ಲಿಸಿ, ಏಕೆಂದರೆ ನೋಡುವವರು ಕೂತಿರುತ್ತಾರೆ. ಹೆಚ್ಚು ಎತ್ತರವಾದರೆ ಗಾಳಿಯಲ್ಲಿ ತೇಲಿದಂತಾಗುತ್ತದೆ. ಎಷ್ಟೇ ಆಸೆಯಾದರೂ ಕ್ಯಾಮೆರಾ ಹಿಡಿದು ನಡೆಯಬೇಡಿ. ಮೈ ಕದಲದೆ ಕಣ್ಣಮುಂದಿನ ನೋಟ ಮಾತ್ರ ಓಡಿದರೆ ಹೊಟ್ಟೆ ತೊಳಸುತ್ತದೆ, ಕೀಮೊ ಮುಗಿಸಿ ಬಂದವರಿಗಂತೂ ಇನ್ನೂ ಬೇಗ. ಒಂದೇ ಜಾಗದಲ್ಲಿ ಐದು ನಿಮಿಷ ಬಿಡದೆ ತೆಗೆಯಿರಿ. ಈ ಕ್ಯಾಮೆರಾ ಸುತ್ತಲೂ ನೋಡುವುದರಿಂದ ತೆಗೆಯುವವರು ಮರದ ಹಿಂದೆ ಅವಿತುಕೊಳ್ಳಬೇಕು. ನಾವು ತೋಪಿನಲ್ಲಿ ತೆಗೆದ ಮೊದಲ ವಿಡಿಯೊದಲ್ಲಿ ನನ್ನ ಸ್ಕೂಟರೇ ನಾಯಕ. ಮೊಮ್ಮಕ್ಕಳು ಮಾತಾಡಿಸುವುದಿದ್ದರೆ ಎರಡು ಮೂರು ಮೀಟರ್ ದೂರ ನಿಲ್ಲಲಿ, ತೀರಾ ಹತ್ತಿರ ಬಂದರೆ ಎರಡು ಲೆನ್ಸುಗಳ ಚಿತ್ರ ಕೂಡುವಲ್ಲಿ ಮುಖ ಸೀಳಿದಂತೆ ಕಾಣುತ್ತದೆ. ಗಿಳಿ, ದನದ ಕೊರಳ ಗಂಟೆ, ದೂರದ ಟ್ರ್ಯಾಕ್ಟರ್, ಏನು ಕೇಳಿಸಿದರೂ ಇರಲಿ; ಅದರ ಮೇಲೆ ಸಂಗೀತ ಸುರಿಯಬೇಡಿ.

ಹೆಡ್‌ಸೆಟ್ ತೊಡಿಸುವುದು

ಮೊಬೈಲ್ ಸಿಕ್ಕಿಸುವ ರಟ್ಟಿನ ಡಬ್ಬಿ ಅಗ್ಗ, ಆದರೆ ತಲೆಯ ಚಲನೆಗೆ ಚಿತ್ರ ತಡವಾಗಿ ಸ್ಪಂದಿಸುವುದರಿಂದ ತಲೆ ತಿರುಗುವ ಸಂಭವ ಹೆಚ್ಚು. ತಂತಿಯಿಲ್ಲದ ಸ್ವತಂತ್ರ ಹೆಡ್‌ಸೆಟ್ ಮೇಲು. ಅಂಥದ್ದೊಂದು ಹೆಡ್‌ಸೆಟ್ ಆದ ಮೆಟಾ ಕ್ವೆಸ್ಟ್ 3 ತೂಗುವುದು 515 ಗ್ರಾಂ. ಸೊರಗಿದ ಕುತ್ತಿಗೆಗೆ ಅದು ಭಾರವೇ. ಬೆನ್ನಿಗೆ ದಿಂಬುಗಳನ್ನಿಟ್ಟು ಅರ್ಧ ಒರಗಿಸಿ, ತಲೆಗೂ ಆಸರೆ ಕೊಟ್ಟು, ಪಟ್ಟಿಯನ್ನು ಸಡಿಲವಾಗಿಯೇ ಕಟ್ಟಿ. ಹಳ್ಳಿಯಲ್ಲಿ ನೆಟ್‌ವರ್ಕ್ ನಂಬಲಾಗದು, ವಿಡಿಯೊವನ್ನು ಮೊದಲೇ ಹೆಡ್‌ಸೆಟ್‌ಗೆ ತುಂಬಿಸಿಕೊಂಡು ಹೋಗಿ.

ಊಟವಾದ ಕೂಡಲೇ ಬೇಡ. ಬೇಗ ಕೆಲಸ ಮಾಡುವ ಮಾರ್ಫಿನ್ ಮಾತ್ರೆ ನುಂಗಿದ್ದರೆ ಅದು ಹಿಡಿಯಲು ಅರ್ಧ ಗಂಟೆ ಬೇಕು, ಅಷ್ಟು ಕಾಯಿರಿ. ತೊಡಿಸುವ ಮೊದಲು ನೋವು, ಉಸಿರು, ಆತಂಕ ಎಷ್ಟಿದೆ ಎಂದು ಕೇಳಿ ಬರೆದಿಡಬೇಕು. ಉಪಶಾಮಕ ಆರೈಕೆಯಲ್ಲಿ ಬಳಸುವ ಎಡ್ಮಂಟನ್ ಅಳತೆ ಸೊನ್ನೆಯಿಂದ ಹತ್ತರವರೆಗೆ ಎಣಿಸುತ್ತದೆ. ಅದು ತಲೆಗೆ ಹೋಗದ ಹಿರಿಯರಿಗೆ, ‘ರೂಪಾಯಿಗೆ ಎಷ್ಟಾಣೆ ನೋವು ತಾತ?’ ಎಂದರೆ ತಟ್ಟನೆ ‘ಹನ್ನೆರಡಾಣೆ’ ಎನ್ನುತ್ತಾರೆ. ಮೊದಲೂ ಆಮೇಲೂ ಒಂದೇ ಅಳತೆ ಇದ್ದರೆ ಸಾಕು.

ಮೊದಲ ದಿನ ಐದು ನಿಮಿಷ, ಒಗ್ಗಿದರೆ ಹತ್ತು ಹದಿನೈದು. ಸಾಕೆನಿಸಿದರೆ ಕೈ ಎತ್ತುವಂತೆ ಮೊದಲೇ ಹೇಳಿ. ತೊಟ್ಟವರಿಗೆ ನಾವು ಕಾಣುವುದಿಲ್ಲವಾದ್ದರಿಂದ ಮುಟ್ಟುವ ಮುನ್ನ ದನಿ ಕೊಡಬೇಕು, ಇಲ್ಲವಾದರೆ ಬೆಚ್ಚಿಬೀಳುತ್ತಾರೆ. ಅವರು ನೋಡುತ್ತಿರುವುದನ್ನು ಮೊಬೈಲಿಗೂ ಹಾಯಿಸಿಕೊಂಡರೆ ಪಕ್ಕದಲ್ಲಿರುವ ಮಗಳು ಅದೇ ಮರವನ್ನು ನೋಡುತ್ತಾ ಮಾತಾಡಬಹುದು. ತೋಪಿನ ಅಜ್ಜಿ ಎರಡನೆಯ ನಿಮಿಷಕ್ಕೇ, ‘ಆ ಕೊಂಬೆಗೆ ಯಾಕೆ ಊರುಗೋಲು ಕೊಟ್ಟಿಲ್ಲ?’ ಎಂದು ಮಗನನ್ನು ಗದರಿದರು. ಕಣ್ಣೀರು ಬಂದರೆ ಗಾಬರಿಯಿಂದ ಕಿತ್ತುಹಾಕಬೇಡಿ, ‘ತೆಗೀಲಾ, ಇರಲಾ?’ ಎಂದು ಕೇಳಿ. ಬೆವರು, ವಾಕರಿಕೆ, ಬಿಳಚಿದ ಮುಖ ಕಂಡರೆ ಮಾತ್ರ ಕೇಳದೆ ತೆಗೆಯಿರಿ.

ಆಮೇಲೆ

ತೆಗೆಯುವಾಗ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹತ್ತು ನಿಮಿಷ ಏಳಿಸಬೇಡಿ. ಮುಖಕ್ಕೆ ತಾಗುವ ಭಾಗಕ್ಕೆ ಸಿಲಿಕಾನ್ ಹೊದಿಕೆ ಇದ್ದರೆ ಒರೆಸುವುದು ಸುಲಭ. ಲೆನ್ಸಿಗೆ ಸ್ಪಿರಿಟ್ ತಾಗಿಸದೆ ಒಣ ಮೃದು ಬಟ್ಟೆಯನ್ನಷ್ಟೇ ಬಳಸಿ. ಹೆಡ್‌ಸೆಟ್ ಅನ್ನು ಜಗಲಿಯ ಬಿಸಿಲಿನಲ್ಲಿ ಬಿಟ್ಟರೆ ಲೆನ್ಸು ಭೂತಗನ್ನಡಿಯಂತೆ ಕೆಲಸ ಮಾಡಿ ಒಳಗಿನ ಪರದೆಯನ್ನೇ ಸುಡುತ್ತದೆ.

ಬಳಿಕ ಅದೇ ಪ್ರಶ್ನೆ ಮತ್ತೆ ಕೇಳಿ, ಉತ್ತರವನ್ನು ಮೊದಲಿನ ಅಂಕಿಯ ಪಕ್ಕ ಬರೆಯಿರಿ. ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಕೇಳಿ. ಹನ್ನೆರಡಾಣೆ ಎಂಟಾಣೆಗೆ ಇಳಿದು ಸಂಜೆಗೆ ಮತ್ತೆ ಏರಿದರೆ ಅದು ಸೋಲಲ್ಲ, ವಿ.ಆರ್. ಕೊಡುವುದೇ ಅಷ್ಟು ಹೊತ್ತಿನ ಬಿಡುವು. ಮೂರು ಸಲ ಕಳೆದರೂ ಅಂಕಿ ಕದಲದಿದ್ದರೆ ಹೆಡ್‌ಸೆಟ್ ಅನ್ನು ಪೆಟ್ಟಿಗೆಗೆ ಹಾಕಿ, ಅಂಕಿ ಬರೆದಿಟ್ಟ ಪುಸ್ತಕ ಹಿಡಿದು ವೈದ್ಯರ ಬಳಿ ಮಾತ್ರೆಯ ಪ್ರಮಾಣದ ಬಗ್ಗೆ ಮಾತಾಡಿ.