ವಿಂಡೋಸ್ ಫಾರ್ಮ್ಯಾಟ್ ಮಾಡದೆ ಗೇಮಿಂಗ್ ಲ್ಯಾಪ್‌ಟಾಪ್‌ನ ಎರಡೂ ಡ್ರೈವ್ ಬದಲಾಯಿಸಿದ್ದು

ಇದು ಆಗಲ್ಲ ಅಂದವರು ಮೂರು ಜನ. ಬೆಂಗಳೂರಿನ ಎಸ್.ಪಿ. ರೋಡಿನ ಒಬ್ಬ ಕಂಪ್ಯೂಟರ್ ಅಂಗಡಿಯವರು, ಸರ್ವಿಸ್ ಸೆಂಟರಿನ ಹುಡುಗ, ಆಮೇಲೆ ನಮ್ಮ ಭಾವ. ಭಾವ ಐಟಿಯಲ್ಲಿದ್ದಾರೆ, ಹಾಗಾಗಿ ಮನೆಯಲ್ಲಿ ಕಂಪ್ಯೂಟರ್ ವಿಷಯಕ್ಕೆ ಅವರ ಮಾತೇ ಕೊನೆ. "ಹಳೇ ವಿಂಡೋಸ್ ಎತ್ಕೊಂಡು ಹೋಗಿ ಹೊಸ ಡ್ರೈವಲ್ಲಿ ಕೂರಿಸ್ತೀನಿ ಅನ್ನೋದು ಬೇಡಪ್ಪ, ಫಾರ್ಮ್ಯಾಟ್ ಹೊಡಿ, ಹೊಸದಾಗಿ ಹಾಕು, ಅರ್ಧ ದಿನದ ಕೆಲಸ" ಅಂದರು.

ಅರ್ಧ ದಿನ ಅವರಿಗೆ. ನಾನು ಹಗಲು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ, ರಾತ್ರಿ ಅದೇ ಲ್ಯಾಪ್‌ಟಾಪ್‌ನಲ್ಲಿ ಗೇಮ್. ಅದರಲ್ಲಿರುವ ಎಡಿಟಿಂಗ್ ಪ್ಲಗಿನ್‌ಗಳಲ್ಲಿ ಒಂದೆರಡರ ಕಂಪನಿಯೇ ಈಗಿಲ್ಲ. ಇನ್ನು ಕೆಲವದರಲ್ಲಿ ಎಷ್ಟು ಸಲ ಆ್ಯಕ್ಟಿವೇಟ್ ಮಾಡಬಹುದೋ ಆ ಲೆಕ್ಕ ಮುಗಿದುಹೋಗಿದೆ. ಫಾರ್ಮ್ಯಾಟ್ ಮಾಡಿದರೆ ಮೊದಲಿನವು ಮತ್ತೆ ಸಿಗೋದೇ ಇಲ್ಲ, ಉಳಿದವನ್ನು ಮತ್ತೆ ದುಡ್ಡು ಕೊಟ್ಟು ತಗೋಬೇಕು. ಹಾಗಾಗಿ ಎಷ್ಟೇ ಒದ್ದಾಟ ಆದರೂ ಇದ್ದ ವಿಂಡೋಸನ್ನೇ ಸಾಗಿಸಬೇಕು ಅಂತ ಹಠ ಹಿಡಿದೆ.

ಲ್ಯಾಪ್‌ಟಾಪ್ 2020ರದ್ದು. ಇಂಟೆಲ್ ಹತ್ತನೇ ತಲೆಮಾರಿನ ಐ5 ಪ್ರೊಸೆಸರ್, ಜಿಟಿಎಕ್ಸ್ 1650 ಟಿಐ ಗ್ರಾಫಿಕ್ಸ್ ಕಾರ್ಡ್. ಒಳಗೆ 256 ಜಿಬಿ ಎನ್‌ವಿಎಂಇ (ಮದರ್‌ಬೋರ್ಡಿಗೇ ಚುಚ್ಚುವ ಚಿಕ್ಕ, ವೇಗದ ಎಸ್‌ಎಸ್‌ಡಿ), ಜೊತೆಗೆ 1 ಟಿಬಿ ಹಾರ್ಡ್‌ಡಿಸ್ಕ್. ಆ ಕಾಲದ ಲ್ಯಾಪ್‌ಟಾಪ್ ಇರುವವರಿಗೆ ಈ ಜೋಡಿ ಗೊತ್ತಿರುತ್ತೆ. ಎನ್‌ವಿಎಂಇಯಲ್ಲಿದ್ದ ವಿಂಡೋಸಿನ ಸಿ ಡ್ರೈವ್ ಯಾವಾಗಲೂ ಕೆಂಪು, ಅಂದರೆ ತುಂಬಿರುತ್ತಿತ್ತು. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಜಾಗ ಸಾಲದು ಅನ್ನುತ್ತಿತ್ತು. ಹಾರ್ಡ್‌ಡಿಸ್ಕಿನ ಡಿ ಡ್ರೈವಿನಲ್ಲಿ ಗೇಮ್ ಲೋಡ್ ಆಗುವಷ್ಟರಲ್ಲಿ ಟೀ ಮಾಡಿಕೊಂಡು ಬರಬಹುದಿತ್ತು. ಎನ್‌ವಿಎಂಇ ಕೂರುವ ಎಂ.2 ಸ್ಲಾಟ್ ಒಂದೇ ಒಂದು, ಹಾಗಾಗಿ ಹಳೇದನ್ನು ತೆಗೆದೇ ಹೊಸದು ಹಾಕಬೇಕು.

ಮೊದಲು ದುಡ್ಡಿನ ಮಾತು. ಸರ್ವಿಸ್ ಸೆಂಟರಿನಲ್ಲಿ ಎರಡೂ ಡ್ರೈವ್, ಡೇಟಾ ಕಾಪಿ, ವಿಂಡೋಸ್ ಹಾಕುವ ಚಾರ್ಜ್ ಎಲ್ಲಾ ಸೇರಿ ಹದಿನೆಂಟು ಸಾವಿರದ ಹತ್ತಿರ ಹೇಳಿದರು. ನಾನು 2024ರ ದಸರಾ ಸೇಲ್‌ನಲ್ಲಿ 1 ಟಿಬಿ ಎನ್‌ವಿಎಂಇ ತಗೊಂಡೆ, ಐದೂವರೆ ಸಾವಿರ ಇರಬೇಕು. ಹಾರ್ಡ್‌ಡಿಸ್ಕ್ ಜಾಗಕ್ಕೆ ಹಾಕುವ 1 ಟಿಬಿ ಸಾಟಾ ಎಸ್‌ಎಸ್‌ಡಿ ಐದು ಸಾವಿರದ ಮೇಲೆ ಸ್ವಲ್ಪ. ಎನ್‌ವಿಎಂಇಯನ್ನು ಹೊರಗಿಂದ ಯುಎಸ್‌ಬಿಗೆ ಹಚ್ಚುವ ಡಬ್ಬಿ, ಅಂದರೆ ಎನ್‌ಕ್ಲೋಷರ್, ಸಾವಿರದ ಆರುನೂರೋ ಏಳುನೂರೋ. ಸ್ಕ್ರೂಡ್ರೈವರ್ ಸೆಟ್, ಥರ್ಮಲ್ ಪ್ಯಾಡ್, ಸಾಟಾ ಯುಎಸ್‌ಬಿ ಕೇಬಲ್ ಎಲ್ಲಾ ಸೇರಿ ಇನ್ನೊಂದು ಸಾವಿರ. ಹದಿಮೂರೂವರೆ ದಾಟಲಿಲ್ಲ. 2025ರ ಕೊನೆಯಿಂದ ಬೆಲೆ ಏರಿದೆ, ಈಗ ಆ ರೇಟಿಗೆ ಸಿಗಲ್ಲ ಬಿಡಿ.

ಅಂಗಡಿಯವರು "ಜೆನ್ 4 ತಗೊಳ್ಳಿ ಸಾರ್, ಏಳು ಸಾವಿರ ಸ್ಪೀಡ್ ಬರುತ್ತೆ" ಅಂತ ತುಂಬಾ ಒತ್ತಾಯ ಮಾಡಿದರು. ಹತ್ತನೇ ತಲೆಮಾರಿನಲ್ಲಿ ಸ್ಲಾಟೇ ಜೆನ್ 3, ಅದಕ್ಕಿಂತ ಒಂದು ಮೆಟ್ಟಿಲು ಹಳೇದು. ಯಾವ ಡ್ರೈವ್ ಹಾಕಿದರೂ ಸೆಕೆಂಡಿಗೆ ಮೂರೂವರೆ ಸಾವಿರ ಎಂಬಿ ಮೇಲೆ ಹೋಗಲ್ಲ. ಬೆಲೆ ಒಂದೇ ಇದ್ದರೆ ತಗೊಳ್ಳಿ, ಸುಮ್ನೆ ಎರಡು ಸಾವಿರ ಜಾಸ್ತಿ ಯಾಕೆ ಕೊಡಬೇಕು? ನಾನು ನೋಡಿದ್ದು ಬೇರೆ, ಟಿಎಲ್‌ಸಿನಾ ಕ್ಯೂಎಲ್‌ಸಿನಾ ಅನ್ನೋದು. ಎರಡೂ ಎಸ್‌ಎಸ್‌ಡಿ ಚಿಪ್ಪಿನ ಬಗೆ, ಕ್ಯೂಎಲ್‌ಸಿ ಅಗ್ಗ, ಆದರೆ ಬರೆಯೋದು ನಿಧಾನ. ಸ್ನೇಹಿತನ ಹತ್ತಿರ ಒಂದು ಅಗ್ಗದ ಕ್ಯೂಎಲ್‌ಸಿ ಸಾಟಾ ಡ್ರೈವ್ ಇತ್ತು. ಎರವಲು ತಂದು ಒಂದು ಮದುವೆಯ ಪೂರ್ತಿ ಫುಟೇಜ್, ಸುಮಾರು 180 ಜಿಬಿ, ಒಂದೇ ಸಲ ಅದಕ್ಕೆ ಸುರಿದೆ. ಶುರುವಿನಲ್ಲಿ ಸೆಕೆಂಡಿಗೆ 450 ಎಂಬಿ ಮೇಲೆ ಓಡಿತು. ಡ್ರೈವಿನ ಕ್ಯಾಶ್ (ವೇಗವಾಗಿ ಬರೆಯುವ ತಾತ್ಕಾಲಿಕ ಜಾಗ) ತುಂಬುತ್ತಿದ್ದ ಹಾಗೆ 70, 80ಕ್ಕೆ ಬಿತ್ತು. ನನ್ನ ಹಳೇ ಹಾರ್ಡ್‌ಡಿಸ್ಕೇ ಅದಕ್ಕಿಂತ ವಾಸಿ. ಬರೀ ಗೇಮ್ ಇಡೋದಾದರೆ ಕ್ಯೂಎಲ್‌ಸಿ ನಡೆಯುತ್ತೆ, ಬರೆಯೋದು ಕಡಿಮೆ, ಓದೋದೇ ಜಾಸ್ತಿ ಅಲ್ವಾ. ನನ್ನ ಥರ ವಾರವಾರ ನೂರಾರು ಜಿಬಿ ಸುರಿಯುವವರಿಗೆ ಆಗಲ್ಲ.

ಈಗ ಕ್ಲೋನ್ ಕತೆ, ಅಂದರೆ ಹಳೇ ಡ್ರೈವನ್ನು ಇದ್ದ ಹಾಗೇ ಹೊಸದಕ್ಕೆ ನಕಲು ಮಾಡೋದು. ವಿಂಡೋಸ್ ಒಳಗಿಂದಲೇ ಕ್ಲೋನ್ ಮಾಡುವ ಸಾಫ್ಟ್‌ವೇರ್ ಮೊದಲು ಹಾಕಿದೆ. ಹೊಸ ಎನ್‌ವಿಎಂಇ ಎನ್‌ಕ್ಲೋಷರ್‌ನಲ್ಲಿ, ಲ್ಯಾಪ್‌ಟಾಪ್ ಆನ್ ಆಗಿರುವಾಗಲೇ ಕಾಪಿ. ಮುಕ್ಕಾಲು ಭಾಗಕ್ಕೆ ಬಂದು ಡ್ರೈವ್ ಮಾಯ. ಮುಟ್ಟಿ ನೋಡಿದರೆ ಎನ್‌ಕ್ಲೋಷರ್ ಇಸ್ತ್ರಿಪೆಟ್ಟಿಗೆ ಥರ ಕಾದಿತ್ತು. ಕೇಬಲ್ ಬದಲಾಯಿಸಿ, ಟೇಬಲ್ ಫ್ಯಾನ್ ಮುಂದಿಟ್ಟು ಮಾಡಿದಾಗ ಪೂರ್ತಿ ಮುಗಿಯಿತು, ಆದರೆ ಬೂಟ್ ಆಗಲಿಲ್ಲ. ಭಾವನಿಗೆ ಇದು ಹೇಗೋ ಗೊತ್ತಾಯಿತು. ಫೋನ್ ಮಾಡಿ ನಕ್ಕರು.

ಆಗ ಕ್ಲೋನ್‌ಜಿಲ್ಲಾಗೆ ಬಂದೆ. ಫ್ರೀ, ಪೆನ್‌ಡ್ರೈವಿನಿಂದ ಬೂಟ್ ಆಗುತ್ತೆ, ವಿಂಡೋಸ್ ಮಲಗಿರುವಾಗ ಕಾಪಿ ಮಾಡುತ್ತೆ. ನೋಡೋಕೆ ಹಳೇ ಕಾಲದ ನೀಲಿ ಸ್ಕ್ರೀನ್, ಅದಕ್ಕೇ ಜನ ಹೆದರುತ್ತಾರೆ. ಬೂಟ್ ಮಾಡಿದರೆ ಪಟ್ಟಿಯಲ್ಲಿ ಹಾರ್ಡ್‌ಡಿಸ್ಕ್ ಇದೆ, ಯುಎಸ್‌ಬಿಯಲ್ಲಿರುವ ಹೊಸ ಡ್ರೈವ್ ಇದೆ, ಒಳಗಿರುವ 256 ಜಿಬಿ ಇಲ್ಲ! ಕಾರಣ ಇಂಟೆಲ್ ಆರ್‌ಎಸ್‌ಟಿ, ಡ್ರೈವ್‌ಗಳನ್ನು ನೋಡಿಕೊಳ್ಳುವ ಇಂಟೆಲ್‌ನದೇ ವ್ಯವಸ್ಥೆ. ಕಂಪನಿಯಿಂದ ಬರುವಾಗಲೇ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಸೆಟಿಂಗ್ಸ್) ಆರ್‌ಎಸ್‌ಟಿ ಮೋಡ್ ಇಟ್ಟಿರುತ್ತಾರೆ. ಕ್ಲೋನ್‌ಜಿಲ್ಲಾ ಓಡೋದು ಲಿನಕ್ಸ್ ಮೇಲೆ, ಲಿನಕ್ಸ್‌ಗೆ ಅದರ ಹಿಂದೆ ಕೂತ ಎನ್‌ವಿಎಂಇ ಕಾಣಲ್ಲ. ಎಎಚ್‌ಸಿಐ ಅನ್ನೋ ಸಾಮಾನ್ಯ ಮೋಡ್‌ಗೆ ಬದಲಾಯಿಸಬೇಕು. ಹಾಗೇ ಬದಲಾಯಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಬೂಟ್ ಡಿವೈಸ್ ಸಿಗುತ್ತಿಲ್ಲ ಅನ್ನುತ್ತೆ. ಅಂಗಡಿಯವರು "ಅದು ಮುಟ್ಟಿದ್ರೆ ವಿಂಡೋಸ್ ಸತ್ತೋಗುತ್ತೆ ಸಾರ್" ಅಂದಿದ್ದು ಇದನ್ನೇ.

ಸಾಯಲ್ಲ. ವಿಂಡೋಸ್‌ನಲ್ಲೇ ಇರುವ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ. ರೀಸ್ಟಾರ್ಟ್, ನೇರ ಬಯಾಸ್‌ಗೆ, ಅಲ್ಲಿ ಎಎಚ್‌ಸಿಐ, ಸೇವ್. ಸೇಫ್ ಮೋಡ್‌ಗೆ ಬಂದಾಗ ವಿಂಡೋಸ್ ತನಗೆ ಬೇಕಾದ ಡ್ರೈವರ್ ತಾನೇ ಎಬ್ಬಿಸಿಕೊಳ್ಳುತ್ತೆ. ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್, ಅಷ್ಟೇ. ಒಂದು ಎಚ್ಚರಿಕೆ, ಸೇಫ್ ಮೋಡ್‌ನಲ್ಲಿ ಪಿನ್ ಹಾಕಿದರೆ ಎಷ್ಟೋ ಸಲ ಒಳಗೆ ಬಿಡಲ್ಲ, ಅಕೌಂಟ್ ಪಾಸ್‌ವರ್ಡ್ ಕೇಳುತ್ತೆ. ನಾಲ್ಕು ವರ್ಷ ಪಿನ್ನಲ್ಲೇ ಬದುಕಿದವರು ಮೊದಲು ಪಾಸ್‌ವರ್ಡ್ ನೆನಪು ಮಾಡಿಕೊಳ್ಳಿ. ಮತ್ತೆ ನನ್ನ ಬಯಾಸ್‌ನಲ್ಲಿ ಈ ಆಯ್ಕೆ ಹಾಗೇ ಹೋದರೆ ಕಾಣೋದೇ ಇಲ್ಲ. ಒಂದು ಕೀ ಜೋಡಿ ಒತ್ತಿದರೆ ಮಾತ್ರ ಬರುತ್ತೆ. ಯಾವ ಕೀ ಅಂತ ಇಲ್ಲಿ ಹೇಳಲ್ಲ, ಅದನ್ನು ಹುಡುಕೋಕೆ ನನಗೆ ಒಂದು ಭಾನುವಾರ ಹೋಗಿದೆ.

ಇಷ್ಟಾದ ಮೇಲೂ ಕ್ಲೋನ್‌ಜಿಲ್ಲಾ ಇನ್ನೊಂದು ಸಲ ಮುಖ ತಿರುಗಿಸಿತು, ವಿಂಡೋಸ್‌ನ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ಸರಿಯಾಗಿ ಮುಚ್ಚಿಲ್ಲ ಅಂತ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗಿರಲ್ಲ, ಅದರ ಸಮಸ್ಯೆ. ಅದನ್ನು ಆಫ್ ಮಾಡಿ, ಒಂದು ಚೆಕ್‌ಡಿಸ್ಕ್ (ಡಿಸ್ಕ್ ತಪಾಸಣೆ) ಓಡಿಸಿ, ಫ್ಯಾನ್ ಮುಂದಿಟ್ಟು ಶುರು ಮಾಡಿದೆ. ಅರ್ಧ ಗಂಟೆಯೊಳಗೆ ಮುಗಿಯಿತು. ಮುಗಿದ ಮೇಲೆ ಎರಡೂ ಡ್ರೈವ್ ಒಟ್ಟಿಗೆ ಇಟ್ಟುಕೊಂಡು ವಿಂಡೋಸ್ ಬೂಟ್ ಮಾಡಬೇಡಿ. ಎರಡರ ಗುರುತೂ ಒಂದೇ ಆಗಿರುತ್ತೆ, ಯಾವುದರಿಂದ ಬೂಟ್ ಆಯ್ತು ಅಂತ ಗೊತ್ತಾಗಲ್ಲ. ನನ್ನ ಮೊದಲನೇ ಕ್ಲೋನ್ ಕೆಟ್ಟಿದ್ದು ಹೀಗೇ ಅಂತ ನನ್ನ ಅನುಮಾನ.

ಬಿಚ್ಚೋದು ನಿಮಗೆಲ್ಲಾ ಗೊತ್ತು, ಹೆಚ್ಚು ಬರೆಯಲ್ಲ. ಸ್ಕ್ರೂಗಳ ಉದ್ದ ಬೇರೆ ಬೇರೆ, ಹಾಗಾಗಿ ಕಾಗದದ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು ಆಯಾ ಜಾಗಕ್ಕೆ ಟೇಪ್ ಹಾಕಿ ಅಂಟಿಸಿದೆ. ಹಿಂದಿನ ಮುಚ್ಚಳಕ್ಕೆ ಹಳೇ ಎಟಿಎಂ ಕಾರ್ಡ್ ಸಾಕು. ಮೊದಲು ಬ್ಯಾಟರಿ ಕನೆಕ್ಟರ್ ಕಿತ್ತುಬಿಡಿ. ನಿಜವಾಗಿ ಬೆವರು ಬಂದಿದ್ದು ಹಾರ್ಡ್‌ಡಿಸ್ಕ್‌ನ ಪಟ್ಟಿ ಕೇಬಲ್ ಹತ್ತಿರ. ಕಾಗದದಷ್ಟು ತೆಳ್ಳಗಿರುತ್ತೆ. ಮದರ್‌ಬೋರ್ಡ್ ಕಡೆ ಅಕ್ಕಿ ಕಾಳಿನಷ್ಟು ದಪ್ಪದ ಕಪ್ಪು ಪಟ್ಟಿಯೊಂದು ಅದನ್ನು ಒತ್ತಿ ಹಿಡಿದಿರುತ್ತೆ. ಆ ಪಟ್ಟಿಯನ್ನು ಉಗುರಿನಿಂದ ಮೇಲಕ್ಕೆ ಎತ್ತಿ ಆಮೇಲೆ ಕೇಬಲ್ ಎಳೆಯಬೇಕು. ಮೊದಲೇ ಎಳೆದರೆ ಪಟ್ಟಿ ಮುರಿಯುತ್ತೆ. ಮುರಿದರೆ ಆ ಚಿಕ್ಕ ಪ್ಲಾಸ್ಟಿಕ್ ಎಲ್ಲೂ ಬಿಡಿಯಾಗಿ ಸಿಗಲ್ಲ.

ಹೊಸ ಎನ್‌ವಿಎಂಇ ಕೂರಿಸಿ ಆನ್ ಮಾಡಿದೆ. ಅದೇ ವಾಲ್‌ಪೇಪರ್, ಅದೇ ಪ್ಲಗಿನ್, ಎಲ್ಲಾ ಜೀವಂತ. ವಿಂಡೋಸ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತೆ, ಅದೂ ಏನೂ ಕೇಳಲಿಲ್ಲ. ಸಿ ಡ್ರೈವ್ ದೊಡ್ಡದು ಮಾಡೋಕೆ ಮಾತ್ರ ನಡುವೆ ಕೂತ ರಿಕವರಿ ಪಾರ್ಟಿಶನ್ ಅಡ್ಡ ಬಂತು. ಪಾರ್ಟಿಶನ್ ಅಂದರೆ ಡ್ರೈವಿನ ಒಂದು ಭಾಗ, ಅದನ್ನು ಸರಿಸುವ ಜಿಪಾರ್ಟೆಡ್ ಸಾಫ್ಟ್‌ವೇರಿನಲ್ಲಿ ಬಲಕ್ಕೆ ತಳ್ಳಿದೆ. ಸ್ಕ್ರೀನ್‌ಶಾಟ್ ತೆಗೆದು ಭಾವನಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಡಿ ಡ್ರೈವ್ ಸುಲಭ ಅಂದುಕೊಂಡಿದ್ದೆ. ಸಾಟಾ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್‌ಗೆ ಹಾಕಿ, ವಿಂಡೋಸ್‌ನ ರೋಬೋಕಾಪಿ ಅನ್ನೋ ಕಾಪಿ ಕಮಾಂಡ್ ಕೊಟ್ಟು ಮಲಗಿದೆ. 700 ಜಿಬಿ ಹತ್ತಿರ ಇತ್ತು. ಬೆಳಿಗ್ಗೆ ನೋಡಿದರೆ ಒಂದೇ ಫೈಲಿನ ಮೇಲೆ ನಿಂತಿದೆ. ಹಾರ್ಡ್‌ಡಿಸ್ಕ್‌ನಲ್ಲಿ ಬ್ಯಾಡ್ ಸೆಕ್ಟರ್ (ಕೆಟ್ಟು ಓದಲಾಗದ ಜಾಗ) ಇತ್ತು, ಡಿಸ್ಕಿನ ಆರೋಗ್ಯ ಹೇಳುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿ ತೋರಿಸುತ್ತಿತ್ತು. ರೋಬೋಕಾಪಿಗೆ ಏನೂ ಹೇಳದಿದ್ದರೆ ಓದಲಾಗದ ಫೈಲನ್ನು ಹತ್ತು ಲಕ್ಷ ಸಲ ಪ್ರಯತ್ನಿಸುತ್ತೆ, ಪ್ರತಿ ಸಲದ ನಡುವೆ 30 ಸೆಕೆಂಡು ಕಾಯುತ್ತೆ. ಲೆಕ್ಕ ಹಾಕಿ, ಒಂದು ಫೈಲಿಗೆ ಹತ್ತಿರ ಹತ್ತಿರ ವರ್ಷ. ಪ್ರಯತ್ನ ಒಂದು, ಕಾಯೋದು ಒಂದು ಸೆಕೆಂಡು ಅಂತ ಕೊಟ್ಟ ಮೇಲೆ ಓಡಿತು. ಯಾರದೋ ಆರತಕ್ಷತೆಯ ಒಂದು ಕ್ಲಿಪ್ ಹೋಯಿತು. ಅವರಿಗೆ ವಿಡಿಯೋ ಕೊಟ್ಟು ಎರಡು ವರ್ಷ ಆಗಿತ್ತು, ಆದ್ದರಿಂದ ಬಚಾವ್. ಹೊಸ ಡ್ರೈವಿಗೆ ಅದೇ ಡಿ ಅಕ್ಷರ ಕೊಟ್ಟೆ. ಗೇಮ್‌ಗಳ ಆ್ಯಪ್ ಸ್ಟೀಮ್‌ಗೆ ಡ್ರೈವ್ ಬದಲಾಗಿದ್ದೇ ಗೊತ್ತಾಗಲಿಲ್ಲ.

ಜಿಟಿಎ 5 ಗೇಮಿನ ಸ್ಟೋರಿ ಮೋಡ್ ಲೋಡ್ ಆಗೋಕೆ ಮೊದಲು ಎರಡು ನಿಮಿಷದ ಮೇಲೆ ತಗೊಳ್ತಿತ್ತು, ಈಗ ಅರ್ಧ ನಿಮಿಷದ ಆಸುಪಾಸು. ಕುತೂಹಲಕ್ಕೆ ಅದೇ ಗೇಮನ್ನು ಎನ್‌ವಿಎಂಇಗೂ ಹಾಕಿ ನೋಡಿದೆ. ಮೂರು ನಾಲ್ಕು ಸೆಕೆಂಡು ಕಡಿಮೆ, ಅಷ್ಟೇ. ಕಾಗದದ ಮೇಲೆ ಆರು ಪಟ್ಟು ವೇಗದ ಡ್ರೈವ್ ಇದು! ಎಲ್ಲಾ ಕಾಯುವಿಕೆಯೂ ಡಿಸ್ಕಿನ ತಪ್ಪಲ್ಲ. ಜಿಟಿಎ ಆನ್‌ಲೈನ್ ವರ್ಷಗಟ್ಟಲೆ ಅಷ್ಟು ನಿಧಾನ ಲೋಡ್ ಆಗುತ್ತಿದ್ದದ್ದು ಒಂದು ಜೇಸನ್ (ಡೇಟಾ ಪಟ್ಟಿಯ) ಫೈಲನ್ನು ಕೆಟ್ಟದಾಗಿ ಓದುತ್ತಿದ್ದ ಕೋಡ್‌ನಿಂದ. 2021ರಲ್ಲಿ ಹೊರಗಿನವನೊಬ್ಬ ಅದನ್ನು ಕಂಡುಹಿಡಿದ, ಕಂಪನಿ ಒಪ್ಪಿಕೊಂಡು ಸರಿಮಾಡಿ ಅವನಿಗೆ 10,000 ಡಾಲರ್ ಕೊಟ್ಟಿತು. ಆ ಕಾಲದಲ್ಲಿ ಅದಕ್ಕೋಸ್ಕರ ಎಸ್‌ಎಸ್‌ಡಿ ಹಾಕಿಸಿಕೊಂಡವರನ್ನು ನೆನೆದರೆ ಅಯ್ಯೋ ಅನ್ಸುತ್ತೆ.

ಬಿಸಿಯ ವಿಷಯಕ್ಕೂ ಕೈ ಹಾಕಿದೆ. ಗೇಮ್ ಆಡುವಾಗ ಎನ್‌ವಿಎಂಇ 70 ಡಿಗ್ರಿ ದಾಟುತ್ತಿತ್ತು. ಬಿಸಿಯನ್ನು ಮುಚ್ಚಳಕ್ಕೆ ಸಾಗಿಸುವ ಥರ್ಮಲ್ ಪ್ಯಾಡ್ ಒಂದೂವರೆ ಎಂಎಂದು ಹಾಕಿದರೆ ಮುಚ್ಚಳ ಉಬ್ಬಿ ಕ್ಲಿಪ್ ಕೂರಲಿಲ್ಲ. ಒಂದು ಎಂಎಂ ಸರಿಯಾಯಿತು, ಎಂಟು ಡಿಗ್ರಿ ಇಳಿಯಿತು. ತಾಮ್ರದ ತಗಡು ಇಟ್ಟರೆ ಇನ್ನೂ ಇಳಿಯುತ್ತೆ ಅಂತ ಅದನ್ನೂ ನೋಡಿದೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಶಾರ್ಟ್ ಆಗುವ ಭಯ ಯಾಕೆ ಅಂತ ತೆಗೆದೆ. ಪ್ಯಾಡನ್ನು ಡ್ರೈವಿನ ಮೇಲೆಲ್ಲಾ ಹಾಸಬೇಕಿಲ್ಲ, ಕಂಟ್ರೋಲರ್ ಚಿಪ್ ಮೇಲಿದ್ದರೆ ಸಾಕು. ಅದರ ಜೊತೆ ಇನ್ನೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಹಳೇ 256 ಜಿಬಿ ಎರಡು ವಾರ ಡ್ರಾಯರ್‌ನಲ್ಲಿತ್ತು, ಏನಾದರೂ ಕೈಕೊಟ್ಟರೆ ಇರಲಿ ಅಂತ. ಕೊಡಲಿಲ್ಲ. ಆಮೇಲೆ ವಿಂಡೋಸ್ 11 ಹಾಕಿದೆ, ಜಾಗದ ತಕರಾರೇ ಬರಲಿಲ್ಲ. ಈಗ ಹಳೇ ಡ್ರೈವ್ ಎನ್‌ಕ್ಲೋಷರ್‌ನಲ್ಲಿದೆ, ಛತ್ರದಲ್ಲೇ ಮೆಮೊರಿ ಕಾರ್ಡ್ ಖಾಲಿ ಮಾಡಿಕೊಳ್ಳೋಕೆ ಅದನ್ನೇ ಒಯ್ಯುತ್ತೇನೆ. ಹಾರ್ಡ್‌ಡಿಸ್ಕ್ ಟಿವಿಗೆ ಹೋಯಿತು, ಹಳದಿ ಬಂದ ಮೇಲೆ ಅದರಲ್ಲಿ ಬೇಕಾದ್ದು ಏನೂ ಇಡಲ್ಲ.

ಮೊನ್ನೆ ಭಾವ ಫೋನ್ ಮಾಡಿದ್ದರು. ಅವರ ಲ್ಯಾಪ್‌ಟಾಪ್ 512 ಜಿಬಿ, ತುಂಬಿದೆಯಂತೆ, ಹೊಸದಾಗಿ ಹಾಕೋಕೆ ಟೈಮ್ ಇಲ್ಲವಂತೆ. ಹನ್ನೆರಡನೇ ತಲೆಮಾರು, ಅಲ್ಲಿ ಆರ್‌ಎಸ್‌ಟಿ ಬದಲು ವಿಎಂಡಿ ಅಂತ ಬರುತ್ತೆ, ಸೇಫ್ ಬೂಟ್ ದಾರಿ ಹೆಚ್ಚುಕಮ್ಮಿ ಇದೇ. ಆದರೆ ಡ್ರೈವಿಗೇ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆ. ಬಯಾಸ್ ಮುಟ್ಟುವ ಮೊದಲು ರಿಕವರಿ ಕೀ ತಂದುಕೊಡಿ ಅಂದಿದ್ದೇನೆ. ಅದು ಯಾವ ಇಮೇಲ್ ಅಕೌಂಟ್‌ನಲ್ಲಿದೆ ಅಂತ ಇನ್ನೂ ಹುಡುಕುತ್ತಿದ್ದಾರೆ.